ಐದು ಮಿಲಿಮೀಟರಿನ ಕಣ್ಣು

"ಈ ಊರಲ್ಲಿರೋ ಅಷ್ಟೂ ಕಣ್ಣು ನನ್ನ ಮುಂದೆ ಕೂತು ಎದ್ದು ಹೋಗಿವೆ. ಅದರಲ್ಲಿ ನನ್ನ ಕಣ್ಣಿಗೆ ಸರಿಸಾಟಿಯಾದದ್ದು ಒಂದೂ ಇಲ್ಲ," ಎಂದು ಕನ್ನಡಕದಂಗಡಿಯ ಯಜಮಾನರು ಹೇಳುತ್ತಿದ್ದರು. ಕೇಳುವವರಿದ್ದರೆ ಅವರಿಗೆ, ಇಲ್ಲದಿದ್ದರೆ ಗೋಡೆಗೆ ನೇತುಹಾಕಿದ ಅಕ್ಷರಗಳ ಪಟಕ್ಕೆ. ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕೇಳಿಸಿಕೊಂಡದ್ದು ಪಟವೇ.

ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಮೇಲಿನ ಎರಡು ಕೋಣೆಗಳು ಎಷ್ಟು ದೊಡ್ಡವಾದವೆಂದರೆ, ಅಡಿಗೆಮನೆಯಲ್ಲಿ ಕೆಮ್ಮಿದರೆ ಆ ಸದ್ದು ಮಲಗುವ ಕೋಣೆಗೆ ಮಾರನೆಯ ದಿನ ತಲುಪುತ್ತಿತ್ತು. ಅಂಥ ಮನೆಯಲ್ಲಿ ಸಂಜೆಗಳನ್ನು ಸವೆಸುವುದು ಹೇಗೆ? ಹತ್ತಂಗುಲ ಅಗಲದ ದಪ್ಪ ಗಾಜಿನ ಬಿಲ್ಲೆಯೊಂದನ್ನು ತಂದು ದೂರದರ್ಶಕದ ಕನ್ನಡಿ ಮಾಡಲು ಕೂತರು. ಅಂಗಡಿ ಮುಚ್ಚಿದ ಮೇಲೆ ಪ್ರತಿ ಸಂಜೆ, ಗಾಜಿನ ಮೇಲೆ ಗಾಜಿಟ್ಟು, ನಡುವೆ ಪುಡಿ ಹಾಕಿ, ಆರು ವರ್ಷ ಉಜ್ಜಿದರು. ಉದುರಿದ ಗಾಜನ್ನು ಗುಡ್ಡೆ ಹಾಕಿದ್ದರೆ ಅದರ ನೆರಳಲ್ಲಿ ಇಡೀ ಬೀದಿ ಕೂರಬಹುದಿತ್ತೆಂದು ಅವರದೇ ಅಂದಾಜು.

ಕನ್ನಡಿಗೆ ಹೊಳಪಿನ ಲೇಪ ಹಾಕಿಸಿ, ಕೊಳವೆಯೊಳಗೆ ಕೂರಿಸಿ, ತಾರಸಿಯ ಮೇಲೆ ನಿಲ್ಲಿಸಿದ್ದಾಯಿತು. ಕೊಳವೆ ಗಿಡ್ಡ, ಹೊಟ್ಟೆ ದಪ್ಪ. ಆಕಾಶದ ದೊಡ್ಡ ತುಂಡನ್ನು ಒಂದೇ ಸಲಕ್ಕೆ ತೋರಿಸಲೆಂದೇ ಆ ಆಕಾರ. ಕೃತ್ತಿಕೆಯ ನಕ್ಷತ್ರಗಳಷ್ಟನ್ನೂ ಸುತ್ತಲಿನ ಕತ್ತಲೆಯ ಸಮೇತ ಒಂದೇ ನೋಟಕ್ಕೆ ಹಿಡಿಯಬೇಕೆಂಬುದು ಅವರ ಆಸೆ. ಇನ್ನು ಬೇಕಾದದ್ದು ಕಣ್ಣಿಟ್ಟು ನೋಡುವ ಮಸೂರದ ಮೋಟು ಕೊಳವೆ, ಐಪೀಸ್.

ಊರಿನಲ್ಲಿ ಆಕಾಶ ನೋಡುವ ಹುಚ್ಚಿದ್ದ ಇನ್ನೊಬ್ಬನೆಂದರೆ ಒಬ್ಬ ಬಸ್ ಡ್ರೈವರ್. ಅವನಿಗೂ ಎರಡು ವರ್ಷದ ಹಿಂದೆ ದೂರದ ಡಿಪೋಗೆ ವರ್ಗವಾಗಿತ್ತು. ಕಂಡಕ್ಟರ್ ಕೈಯಲ್ಲಿ ಒಂದು ರಟ್ಟಿನ ಡಬ್ಬಿ ಕಳಿಸಿ ಫೋನ್ ಮಾಡಿದ.

"ಗುರುಗಳೇ, ಎರಡು ಐಪೀಸ್ ಇವೆ. ಒಂದು ಮೂವತ್ತೆರಡು ಮಿಲಿಮೀಟರಿಂದು, ಇನ್ನೊಂದು ಇಪ್ಪತ್ತರದ್ದು. ಎರಡೂ ಅಗಲ ನೋಟದವೇ. ನಮ್ಮಮ್ಮನಿಗೆ ಕನ್ನಡಕ ಮಾಡಿಕೊಟ್ಟಿರಲ್ಲ, ಅದಕ್ಕೆ ಒಂದು ನಿಮಗೆ. ಇನ್ನೊಂದನ್ನ ಭಾನುವಾರದ ಬಸ್ಸಿಗೆ ಹಾಕಿ."

"ನೀನೇ ಬಂದು ಕೊಡಬಾರದಿತ್ತೇನಯ್ಯಾ?"

"ಆ ದಾರೀಲಿ ನನಗೆ ಡ್ಯೂಟಿ ಇಲ್ವಲ್ಲ ಗುರುಗಳೇ."

ಮೂವತ್ತೆರಡರದ್ದನ್ನು ಮೇಜಿನ ಮೇಲಿಟ್ಟರೆ ಮನೆಯೇ ಒಂದು ಪಕ್ಕಕ್ಕೆ ವಾಲಿದಂತಾಯಿತು. ಅದರ ಗಾಜೋ, ಕಿಟಕಿಯಷ್ಟು ಅಗಲ. ಯಜಮಾನರು ಹಿಂದೆಮುಂದೆ ನೋಡದೆ ಅದನ್ನೇ ಆರಿಸಿದರು. ದೊಡ್ಡ ಕಣ್ಣಿಗೆ ದೊಡ್ಡ ಗಾಜು!

ಸಂಜೆ ಕತ್ತಲಾಗುತ್ತಲೇ ಕೃತ್ತಿಕೆಗೆ ತಿರುಗಿಸಿ ನೋಡಿದರು. ಆಕಾಶ ಪಾತ್ರೆ ತೊಳೆದ ನೀರಿನ ಹಾಗೆ ಬೂದಾಗಿತ್ತು. ನಕ್ಷತ್ರಗಳು ಜ್ವರದಿಂದ ಎದ್ದವರಂತೆ ಸೊರಗಿದ್ದವು. ತಿರುಪು ತಿರುಗಿಸಿದರು, ಕಣ್ಣುಜ್ಜಿದರು, ಮತ್ತೆ ನೋಡಿದರು. ಅದೇ ಬೂದು. ದೊಡ್ಡದರಲ್ಲೇ ಇಷ್ಟಾದರೆ ಚಿಕ್ಕದರಲ್ಲಿ ಇನ್ನೇನು ಕಂಡೀತು ಎಂದು ಇಪ್ಪತ್ತರದ್ದನ್ನು ಡಬ್ಬಿಯಿಂದ ತೆಗೆಯಲೂ ಇಲ್ಲ.

ತಪ್ಪು ಕನ್ನಡಿಯದೇ ಇರಬೇಕು. ಮೆಟ್ಟಿಲ ಮೇಲೆ ಕೂತು ಕೈ ನೋಡಿಕೊಂಡರು. ಮನೆಯೊಳಗೆ ಒಬ್ಬರೇ ಇರಲಾರದೆ ಉಜ್ಜಿದ ಆರು ವರ್ಷದ ಸಂಜೆಗಳು ಇಷ್ಟಕ್ಕೇ ಆದವೇ?

ಬೆಳಗಾದ ಮೇಲೆ ಡ್ರೈವರ್‌ಗೆ ಫೋನ್ ಮಾಡಿದರು. "ಕನ್ನಡಿ ಕೆಟ್ಟಿದೆ ಕಣಯ್ಯಾ. ಎರಡನ್ನೂ ವಾಪಸ್ ಕಳಿಸ್ತೀನಿ."

"ತಡೀರಿ. ಕತ್ತಲಲ್ಲಿ ನಿಮ್ಮ ಕಣ್ಣಿನ ಪಾಪೆ ಎಷ್ಟು ಅಗಲ ಆಗುತ್ತೆ?"

"ಏಳೂವರೆ ಮಿಲಿಮೀಟರ್. ಗೂಬೆ ನೋಡಿದರೆ ನಾಚಿಕೊಳ್ಳಬೇಕು."

"ಅಳೆದದ್ದು ಯಾವಾಗ?"

ಯಜಮಾನರು ಗಂಟಲು ಸರಿಮಾಡಿಕೊಂಡರು. "ಮದುವೆಯಾದ ವರ್ಷ."

ಅತ್ತ ಕಡೆಯ ನಗು ನಿಲ್ಲುವಷ್ಟರಲ್ಲಿ ಎರಡು ಬಸ್ಸು ಹೊರಟುಹೋಗಿರಬೇಕು. "ಗುರುಗಳೇ, ನಿಮ್ಮ ಕನ್ನಡಿಗೆ ಮೂವತ್ತೆರಡರದ್ದು ಹಾಕಿದ್ರೆ ಈಚೆ ಬರೋ ಬೆಳಕಿನ ಕಟ್ಟು ಎಂಟು ಮಿಲಿಮೀಟರ್ ಅಗಲ. ಇಪ್ಪತ್ತರದ್ದು ಹಾಕಿದ್ರೆ ಐದು. ಪಾಪೆ ಚಿಕ್ಕದಿದ್ರೆ ಮಿಕ್ಕ ಬೆಳಕು ಒಳಗೇ ಹೋಗಲ್ಲ. ಮೊದಲು ಕಣ್ಣು ಅಳೆಸಿ, ಆಮೇಲೆ ಕನ್ನಡೀನ ಬೈಯಿರಿ."

ವಯಸ್ಸಾದಂತೆ ಪಾಪೆ ಅರಳುವುದು ಕಡಿಮೆಯಾಗುತ್ತದೆಂದು ನಲವತ್ತು ವರ್ಷ ಗಿರಾಕಿಗಳಿಗೆ ಪಾಠ ಹೇಳಿದವರು ಇವರೇ. ತಮಗೂ ವಯಸ್ಸಾಗುತ್ತದೆಂಬುದು ಆ ಪಾಠದಲ್ಲಿ ಇರಲಿಲ್ಲ. ಏಳೂವರೆ ಎಂದು ಅಳೆದವಳು ಹೆಂಡತಿ, ಇದೇ ಅಂಗಡಿಯ ಕತ್ತಲೆ ಕೋಣೆಯಲ್ಲಿ. ಅವಳು ಹೋದ ಮೇಲೆ ಗೇಣು ದೂರದಿಂದ ಅವರ ಕಣ್ಣನ್ನು ನೋಡಿದವರು ಯಾರೂ ಇಲ್ಲ. ತಾವೇ ಅಳೆದುಕೊಳ್ಳೋಣವೆಂದರೆ ಕನ್ನಡಿಯಲ್ಲಿ ಕಾಣಲು ದೀಪ ಬೇಕು. ದೀಪ ಕಂಡ ಕೂಡಲೇ ಪಾಪೆ ಮುದುಡಿಕೊಳ್ಳುತ್ತದೆ.

ಹಿಂದಿನ ಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು. ಯಜಮಾನರು ಅವರ ಬಾಗಿಲಿಗೆ ಮೂರು ಸಲ ಹೋದರು. ಎರಡು ಸಲ ಬಡಿಯದೆ ಬಂದರು.

"ಸಿಸ್ಟರ್, ಸ್ವಲ್ಪ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕಿತ್ತು."

"ಈ ವಯಸ್ಸಲ್ಲಾ?"

"ಅಳತೆಗೆ ಸಿಸ್ಟರ್, ಅಳತೆಗೆ!"

ಸಂಜೆ ಕತ್ತಲೆ ಕೋಣೆಯಲ್ಲಿ, ಕೆಂಪು ಬಟ್ಟೆ ಸುತ್ತಿದ ಟಾರ್ಚನ್ನು ದೂರದಲ್ಲಿಟ್ಟು, ನರ್ಸ್ ಯಜಮಾನರ ಗದ್ದ ಹಿಡಿದು ಅಳತೆಪಟ್ಟಿಯನ್ನು ಕಣ್ಣಿನ ಪಕ್ಕಕ್ಕೆ ತಂದರು.

"ಐದು."

"ಸರಿಯಾಗಿ ನೋಡಿ."

"ಮೂವತ್ತು ವರ್ಷ ಥರ್ಮಾಮೀಟರ್ ಓದಿದ್ದೀನಿ ಯಜಮಾನ್ರೇ. ಐದು ಅಂದ್ರೆ ಐದು. ಊರಿಗೇ ಇಲ್ಲದ ಕಣ್ಣು ಅಂತ ಕೊಚ್ಚಿಕೊಳ್ತಿದ್ದದ್ದು ಇದೇನಾ? ಬಟಾಣಿ ಕಾಳಿಗೂ ಸಮ ಇಲ್ಲ!"

ಗದ್ದ ಹಿಡಿದಿದ್ದ ಕೈ ತೆಗೆದ ಮೇಲೂ ಯಜಮಾನರು ಸ್ವಲ್ಪ ಹೊತ್ತು ಮುಖವನ್ನು ಹಾಗೆಯೇ ಎತ್ತಿಕೊಂಡು ಕೂತಿದ್ದರು.

ಆಮೇಲೆ ತಾರಸಿಗೆ ಹೋಗಿ ಇಪ್ಪತ್ತರದ್ದನ್ನು ಹಾಕಿದರು. ಆಕಾಶ ಕಾಡಿಗೆಯಷ್ಟು ಕಪ್ಪಾಯಿತು. ಕೃತ್ತಿಕೆ ಇಡಿಯಾಗಿ ಒಳಗೆ ಬಂತು; ದೊಡ್ಡ ನಕ್ಷತ್ರಗಳ ಸುತ್ತ ಉಸಿರು ಬಿಟ್ಟಂಥ ತೆಳು ಮಂಜು, ನಡುನಡುವೆ ಸಕ್ಕರೆ ಚೆಲ್ಲಿದಂತೆ ಚಿಕ್ಕವು. ತೀರ ಅಂಚಿನವಕ್ಕೆ ಪುಟ್ಟ ಬಾಲವಿತ್ತು. ಗಿಡ್ಡ ಕೊಳವೆಯ ಹುಟ್ಟುಗುಣ ಅದು. ಕನ್ನಡಿಯಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಯಜಮಾನರು ಶರ್ಟಿನ ತೋಳಿನಿಂದ ಕಣ್ಣೊರೆಸಿಕೊಂಡು, "ಇಬ್ಬನಿ," ಎಂದರು, ಯಾರೂ ಕೇಳದಿದ್ದರೂ.

ಮಂಡಿಯನ್ನು ಶಪಿಸುತ್ತ ಮೆಟ್ಟಿಲು ಹತ್ತಿ ಬಂದ ನರ್ಸ್ ಬಗ್ಗಿ ಕಣ್ಣಿಟ್ಟರು. ಬಹಳ ಹೊತ್ತು ಏಳಲಿಲ್ಲ.

"ಅಯ್ಯೋ, ಇದನ್ನ ನೋಡೋಕೆ ಆರು ವರ್ಷ ಒಬ್ಬರೇ ಕೂತಿದ್ರಾ ಯಜಮಾನ್ರೇ?"

"ಒಬ್ಬನೇ ಎಲ್ಲಿ ಸಿಸ್ಟರ್? ಎಣಿಸಿ ನೋಡಿ."