ಬಾಗಿಲು ಹಾಕಿಕೊಂಡು ಮಾಡಿದ ಹರಿಸೇವೆ

ನನ್ನ ಗಂಡನ ಮೇಲೆ ಕರಡಿ ಬಿದ್ದದ್ದು ಹುಣಸೆಹಣ್ಣು ಬಡಿಯುವ ಕಾಲದಲ್ಲಿ. ಬಡವನಹಳ್ಳಿಯಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಊರು. ಊರಿನ ಕೊನೆಯ ಮನೆ ನಮ್ಮದು. ಹಿತ್ತಲು ದಾಟಿದರೆ ಹೊಲ, ಹೊಲ ದಾಟಿದರೆ ಕರಡಿಗಳಿರುವ ಬಂಡೆ. ಆ ವಾರ ಪಂಪ್‌ಸೆಟ್ಟಿಗೆ ಕರೆಂಟು ಬರುತ್ತಿದ್ದದ್ದು ಬೆಳಕು ಹರಿಯುವ ಮುಂಚೆ. ಮೋಟರು ಹಾಕಿ ಬರುತ್ತೇನೆಂದು ಅವರು ಹೊರಟರು, ನಾನು ಒಲೆ ಹಚ್ಚಲು ಕೂತೆ. ಸ್ವಲ್ಪ ಹೊತ್ತಿಗೆ ಯಾರೋ ಡಬ್ಬ ಬಡಿಯುವ ಸದ್ದು ಕೇಳಿಸಿತು. ಹಂದಿ ಓಡಿಸುತ್ತಿದ್ದಾರೆ ಅಂದುಕೊಂಡೆ. ಗಂಡನ ಕೂಗು ಮಾತ್ರ ನನಗೆ ಕೇಳಿಸಲೇ ಇಲ್ಲ.

ಡಬ್ಬ ಬಡಿದವರು ಶಿರಾದ ಒಬ್ಬ ಸಾಬರು. ಪ್ರತಿ ವರ್ಷ ನಮ್ಮ ಕಡೆ ಬಂದು ಹುಣಸೆ ಮರಗಳನ್ನು ಗುತ್ತಿಗೆ ಹಿಡಿಯುವ ವ್ಯಾಪಾರಿ, ಹಣ್ಣಿನ ಕಾವಲಿಗೆಂದು ಪಕ್ಕದ ತೋಪಿನಲ್ಲೇ ಮಲಗುತ್ತಿದ್ದರು. ಅವರು ಖಾಲಿ ಎಣ್ಣೆ ಡಬ್ಬಕ್ಕೆ ಕೋಲಿನಿಂದ ಬಡಿಯುತ್ತ ಓಡಿ ಬಂದು, "ಅಲ್ಲಾಡ್ಬ್ಯಾಡ ಅಣ್ಣಾ, ಅಂಗೇ ಮಕಾಡೆ ಬಿದ್ಕೋ" ಎಂದು ಕೂಗಿದರಂತೆ. ಇವರು ಹಾಗೇ ಮುಖ ನೆಲಕ್ಕೆ ಒತ್ತಿ, ಎರಡು ಕೈಯನ್ನೂ ಹಿಂದಲೆಯ ಮೇಲೆ ಇಟ್ಟುಕೊಂಡು ಬಿದ್ದುಕೊಂಡರು. ಕರಡಿ ಬಿಟ್ಟು ಹೋಯಿತು. ಅಷ್ಟರಲ್ಲಿ ಹಣೆ ಮತ್ತು ಎಡಗೆನ್ನೆ ಸೀಳಿಹೋಗಿದ್ದವು. ಕಣ್ಣಲ್ಲಿ ರಕ್ತ ತುಂಬಿದ್ದರಿಂದ ತಮ್ಮನ್ನು ಉಳಿಸಿದವರ ಮುಖವನ್ನು ಇವರು ನೋಡಲಿಲ್ಲ, ಧ್ವನಿ ಮಾತ್ರ ಕೇಳಿದರು.

ಮಧುಗಿರಿಯ ಆಸ್ಪತ್ರೆಯಲ್ಲಿ ಬಟ್ಟೆ ಕಟ್ಟಿ ತುಮಕೂರಿಗೆ ಕಳಿಸಿದರು. ಅಲ್ಲಿ ಆಪರೇಷನ್ ಕೋಣೆಯ ಹೊರಗೆ ಅತ್ತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಎಂಕಟ್ರಮಣ, ನನ್ ಮಗ ಎದ್ದು ಕೂತ್ರೆ ಮನೇಲಿ ಹರಿಸೇವೆ ಮಾಡಿಸ್ತೀನಪ್ಪ. ಅವ್ನ ಕೈಯಾಗೇ ಪಡಿ ಎತ್ತಿಸ್ತೀನಿ" ಎಂದು ಹರಕೆ ಹೊತ್ತರು. ಪಡಿ ಎತ್ತುವುದೆಂದರೆ ಹಣೆಗೆ ನಾಮ ಇಟ್ಟುಕೊಂಡು, ಚೊಂಬು ಹಿಡಿದು, ಬರಿಗಾಲಲ್ಲಿ ಐದು ಮನೆಯ ಮುಂದೆ ನಿಂತು ಅಕ್ಕಿ ಬೇಡುವುದು. ಆ ಅಕ್ಕಿ ಬೇಯಿಸಿ, ಮನೆಯಲ್ಲೇ ದೇವರಿಗೆ ಎಡೆ ಇಟ್ಟು, ದಾಸಯ್ಯನನ್ನು ಕರೆಸಿ ಪೂಜೆ ಮಾಡಿ, ಬಂದವರಿಗೆಲ್ಲ ಊಟ ಹಾಕಬೇಕು.

ಎಡಗಣ್ಣು ಉಳಿಯಲಿಲ್ಲ. ಮನುಷ್ಯ ಉಳಿದರು.

ಮನೆಗೆ ಬಂದ ಮೇಲೆ ಅವರು ಹೊಸಲು ದಾಟುವುದು ಅಪರೂಪವಾಯಿತು. ಕೂತರೆ ಗೋಡೆಗೆ ಬೆನ್ನು ಕೊಟ್ಟೇ ಕೂರುವರು. ನಾಯಿ ಬಾಗಿಲು ಕೆರೆದರೂ ಉಣ್ಣುವ ತಟ್ಟೆ ಬಿಟ್ಟು ಎದ್ದು ನಿಲ್ಲುವರು. ನಾನು ಶಿರಾ ಪೇಟೆಯಲ್ಲಿ ಬೆಳೆದವಳು, ಕರಡಿಯನ್ನು ಅದುವರೆಗೆ ಕಣ್ಣಾರೆ ನೋಡಿರಲಿಲ್ಲ. ನೋಡದೆ ಇದ್ದದ್ದೇ ನನಗೆ ಕಷ್ಟವಾಯಿತು. ನೋಡಿದ್ದರೆ ಅದಕ್ಕೊಂದು ಅಳತೆ ಇರುತ್ತಿತ್ತು. ನನ್ನ ತಲೆಯೊಳಗಿನ ಕರಡಿ ಬಾಗಿಲಿನಷ್ಟು ಎತ್ತರ ಬೆಳೆದಿತ್ತು.

ಆಷಾಢದಲ್ಲಿ ಒಂದು ಬೆಳಿಗ್ಗೆ ಊರೊಳಗಿನ ಅಂಗನವಾಡಿಯ ಬಾಗಿಲು ಮುರಿದಿತ್ತು. ಒಳಗೆ ಎಣ್ಣೆ ಪ್ಯಾಕೆಟ್ಟುಗಳನ್ನು ಹರಿದು ನೆಕ್ಕಿ, ಬೆಲ್ಲವನ್ನೆಲ್ಲ ತಿಂದು ಕರಡಿ ಹೋಗಿತ್ತು. ಗೋಡೆಯ ಮೇಲೆ ಎಣ್ಣೆ ಮೆತ್ತಿದ ಪಂಜದ ಗುರುತು. ನೋಡಲು ಹೋದವರೆಲ್ಲ ಒಂದೇ ಮಾತು ಹೇಳಿದರು: ಎಣ್ಣೆ ವಾಸನೆ ಹಿಡಿದು ಎಲ್ಲಿಗೆ ಬೇಕಾದರೂ ಬರುತ್ತದೆ, ದೇವಸ್ಥಾನದ ದೀಪವನ್ನೂ ಬಿಡುವುದಿಲ್ಲ.

ಅವತ್ತಿನಿಂದ ನಾನು ಮನೆಯಲ್ಲಿ ಏನನ್ನೂ ಕರಿಯಲಿಲ್ಲ. ಎಣ್ಣೆ ಡಬ್ಬವನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನೊಳಗಿಟ್ಟೆ. ಸಂಜೆ ದೇವರ ದೀಪಕ್ಕೆ ಬತ್ತಿ ನೆನೆಯುವಷ್ಟು ಎಣ್ಣೆ ಮಾತ್ರ ಬಿಡುತ್ತಿದ್ದೆ.

"ದೀಪ ಯಾಕಮ್ಮ ಇಷ್ಟ್ ಬೇಗ ಶಾಂತ ಆಯ್ತದೆ?" ಎಂದು ಅತ್ತೆ ಕೇಳಿದರು.

"ಗಾಳಿ ಅತ್ತೆ," ಎಂದೆ.

ಶ್ರಾವಣ ಬಂತು. ಹರಿಸೇವೆ ಶನಿವಾರವೇ ಆಗಬೇಕು. ಎಣ್ಣೆ, ತುಪ್ಪ, ಬೆಲ್ಲ, ಬಾಳೆಹಣ್ಣು, ಯಾವ ಯಾವ ವಾಸನೆಗೆ ನಾನು ನಡುಗುತ್ತಿದ್ದೆನೋ ಅವೆಲ್ಲ ಒಂದೇ ದಿನ ನಮ್ಮ ಮನೆಯಲ್ಲಿ ತುಂಬಬೇಕು. ದೇವರಿಗೆ ಕೃತಜ್ಞತೆ ಹೇಳಲು ಹೋಗಿ ಮತ್ತೆ ಅದನ್ನೇ ಬಾಗಿಲಿಗೆ ಕರೆದಂತಾದರೆ? ಮೊದಲ ಶನಿವಾರ ದಾಸಯ್ಯನಿಗೆ ಬಿಡುವಿರಲಿಲ್ಲ. ಎರಡನೆಯ ಶನಿವಾರ ಅತ್ತೆಗೆ ಜ್ವರ. ಮೂರನೆಯದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ನಾನು ಹೊರಗಾಗಿದ್ದೇನೆ ಎಂದು ಸುಳ್ಳು ಹೇಳಿ ಮೂರು ದಿನ ಜಗಲಿಯ ಮೂಲೆಯಲ್ಲಿ ಕೂತೆ. ಹಾಗೆ ಕೂತಾಗ ಇನ್ನೊಂದು ಭಯ ಹತ್ತಿತು. ಗಂಡನನ್ನು ಬದುಕಿಸಿಕೊಟ್ಟ ದೇವರಿಗೇ ಸುಳ್ಳು ಹೇಳಿದ್ದೆ. ಅವನು ಕೊಟ್ಟದ್ದನ್ನು ವಾಪಸು ಕೇಳಿದರೆ ನಾನು ಏನೆಂದು ಉತ್ತರ ಕೊಡಲಿ?

ಕಡೆಯ ಶನಿವಾರ ಬೆಳಿಗ್ಗೆ ದಾಸಯ್ಯ ಶಂಖ, ಜಾಗಟೆ, ಎತ್ತರದ ಕಂಬದೀಪ ಹಿಡಿದು ಬಂದರು. ಮಾತು ಕಮ್ಮಿಯ ವಯಸ್ಸಾದ ಮನುಷ್ಯ. ಇವರ ಹಣೆಗೆ ನಾಮ ಇಡಲು ಹೋದವರ ಕೈ ಅರ್ಧದಲ್ಲಿ ನಿಂತಿತು. ಹೊಲಿಗೆ ಹಾಕಿದ ಚರ್ಮ ಗಂಟುಗಂಟಾಗಿ, ಗೆರೆ ನೆಟ್ಟಗೆ ಬರುವಂತಿರಲಿಲ್ಲ. ದಾಸಯ್ಯ ಸ್ವಲ್ಪ ಹೊತ್ತು ನೋಡಿ, ಗಾಯದ ಗುರುತಿನ ಮೇಲೆಯೇ ನಿಧಾನವಾಗಿ ಎಳೆದರು. ನಾಮ ಸೊಟ್ಟಗೆ ಬಂತು. "ಇರ್ಲಿ ಬುಡಪ್ಪ," ಎಂದರು.

ಇವರು ಚೊಂಬು ಹಿಡಿದು ಮುಂದೆ, ನಾನು ಹಿಂದೆ. ಆರು ತಿಂಗಳಲ್ಲಿ ಅವರು ಬೀದಿಗೆ ಇಳಿದದ್ದು ಅದೇ ಮೊದಲು. ಮೂರು ಮನೆಗಳಲ್ಲಿ ಅಕ್ಕಿ ಹಾಕಿದವರು ನೆಲ ನೋಡಿಕೊಂಡೇ ಹಾಕಿದರು. ನಾಲ್ಕನೆಯ ಮನೆಯಲ್ಲಿ ಹೊಸದಾಗಿ ಬಂದ ಸೊಸೆ ಮೊರ ಹಿಡಿದು ಬಂದವಳು ಇವರ ಮುಖ ಕಂಡು ಕಣ್ಣು ಮುಚ್ಚಿಕೊಂಡಳು. ಅಕ್ಕಿ ಚೊಂಬಿನ ಹೊರಗೆ ಬಿತ್ತು. ಇವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮಣ್ಣಿನಿಂದ ಒಂದೊಂದೇ ಕಾಳು ಆರಿಸಿ ಚೊಂಬಿಗೆ ಹಾಕಿದರು. ಅವರ ಬೆನ್ನ ಹಿಂದೆ ಬೇಲಿಯ ಲಂಟಾನದ ಪೊದೆ ಇತ್ತು. ಅವರು ಕಾಳು ಆರಿಸುವಷ್ಟು ಹೊತ್ತೂ ನಾನು ಆ ಪೊದೆಯನ್ನೇ ನೋಡುತ್ತ ನಿಂತಿದ್ದೆ. ಐದನೆಯ ಮನೆಯಲ್ಲಿ ಏನು ನಡೆಯಿತೆಂದು ನನಗೆ ನೆನಪಿಲ್ಲ.

ಪೂಜೆ ದೀಪ ಹಚ್ಚುವ ಹೊತ್ತಿಗೆ. ನೆಂಟರು, ಊರವರು ಸೇರಿ ನಡುಮನೆ ತುಂಬಿತ್ತು. ಕಂಬದೀಪಕ್ಕೆ ಅತ್ತೆ ತಾವೇ ಎಣ್ಣೆ ಸುರಿದರು, ತುಂಬಿ ತುಳುಕುವಷ್ಟು. ನಾನು ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿದೆ. ಕಿಟಕಿ ಮುಚ್ಚಿದೆ. ಆಮೇಲೆ ಮುಂಬಾಗಿಲನ್ನೂ ಹಾಕಿ ಚಿಲಕ ಸೇರಿಸಿದೆ.

"ದೇವ್ರು ಬರೋ ಹೊತ್ನಾಗೆ ಬಾಗ್ಲು ಹಾಕ್ತಾರೇನಮ್ಮ?" ಎಂದು ಅತ್ತೆ ಪಿಸುಗುಟ್ಟಿದರು.

"ನಿಮ್ಮ ಕಾಲಿಗೆ ಬೀಳ್ತೀನಿ ಅತ್ತೆ, ಹಾಕಿರ್ಲಿ."

ಅವರು ನನ್ನ ಮುಖ ನೋಡಿ ದೇವರ ಕಡೆಗೆ ತಿರುಗಿದರು. ಒಳಗೆ ಸೆಖೆ, ಹೊಗೆ. ಜಾಗಟೆಯ ಸದ್ದಿಗೆ ನನಗೆ ಸ್ವಲ್ಪ ಧೈರ್ಯ ಬಂತು. ಇಷ್ಟು ಗಲಾಟೆ ಇರುವ ಕಡೆಗೆ ಯಾವ ಪ್ರಾಣಿಯೂ ಬರಲಾರದು. ಆದರೆ ಮಂಗಳಾರತಿ ಎತ್ತಲು ದಾಸಯ್ಯ ಜಾಗಟೆ ನಿಲ್ಲಿಸಿದರು. ಅದೇ ಗಳಿಗೆಯಲ್ಲಿ ಮುಂಬಾಗಿಲಿಗೆ ಏನೋ ಬಂದು ತಾಗಿತು. ಹಲಗೆ ಅಲುಗಿತು. ಮತ್ತೊಮ್ಮೆ ತಾಗಿತು.

"ಅಣ್ಣಾ," ಎಂದಿತು ಹೊರಗಿನ ಧ್ವನಿ. "ಅಣ್ಣಾ, ಒಳಗಿದ್ದೀರಾ?"

ದೇವರ ಮುಂದೆ ನಿಂತಿದ್ದ ನನ್ನ ಗಂಡ ಕಡಿದ ಮರದ ಹಾಗೆ ಮುಂದಕ್ಕೆ ಬಿದ್ದರು. ಮುಖ ನೆಲಕ್ಕೆ ಒತ್ತಿ, ಎರಡು ಕೈಯನ್ನೂ ಹಿಂದಲೆಯ ಮೇಲೆ ಇಟ್ಟುಕೊಂಡರು. ಅಡ್ಡಬಿದ್ದರೆಂದೇ ಎಲ್ಲರೂ ತಿಳಿದರು. "ಗೋವಿಂದಾ ಗೋವಿಂದ" ಎಂದು ಇಡೀ ಮನೆ ಕೂಗಿತು. ಕೆಲವರು ತಾವೂ ಬಗ್ಗಿ ನಮಸ್ಕರಿಸಿದರು. ಅವರು ಮಾಡುತ್ತಿದ್ದದ್ದು ನಮಸ್ಕಾರವಲ್ಲ ಎಂದು ಗೊತ್ತಿದ್ದದ್ದು ನನಗೆ ಮತ್ತು ಅತ್ತೆಗೆ. ಅತ್ತೆ ಮಗನ ಪಕ್ಕ ಕೂತು ಬೆನ್ನ ಮೇಲೆ ಕೈ ಇಟ್ಟರು. ನಾನು ಹೋಗಿ ಬಾಗಿಲು ತೆಗೆದೆ.

ಹೊರಗೆ ಹುಣಸೆ ಸಾಬರು, ಕೈಯಲ್ಲಿ ತೆಂಗಿನಕಾಯಿ ಮತ್ತು ಬಾಳೆಗೊನೆ. ಅತ್ತೆಯೇ ಅವರಿಗೆ ಹೇಳಿಕಳಿಸಿದ್ದರಂತೆ. ಕೈ ತುಂಬಿದ್ದರಿಂದ ಭುಜದಲ್ಲಿ ಬಾಗಿಲು ತಳ್ಳಿದ್ದರು. ನಾನು ಅವರನ್ನು ಜಗಲಿಗೆ ಕರೆದು, ಅವರ ಧ್ವನಿ ಕೇಳಿ ಒಳಗೆ ಆದದ್ದನ್ನು ಮೆಲ್ಲಗೆ ಹೇಳಿದೆ. ಅವರ ಮುಖ ಬಾಡಿತು.

"ಯಾ ಅಲ್ಲಾ," ಎಂದರು. "ನಾನು ಹೋಗ್ಬುಡ್ಲಾ ತಂಗಿ?"

"ಬೇಡ ಭಾಯಿ, ಊಟ ಮಾಡದೆ ಹೋಗ್ಬೇಡಿ."

ಅವರು ಬಂದು ಗೋಡೆಯ ಪಕ್ಕ ಕೂತರು. ಊಟ ಬಡಿಸುವಾಗ ಬೇಕು ಬೇಡ ಎಂಬುದನ್ನೂ ಕೈಯಲ್ಲೇ ತೋರಿಸಿದರು. ಒಂದು ಮಾತೂ ಆಡಲಿಲ್ಲ, ಕೆಮ್ಮು ಬಂದರೂ ಬಾಯಿಗೆ ಟವಲು ಒತ್ತಿ ನುಂಗಿಕೊಂಡರು. ನನ್ನ ಗಂಡ ಕಂಬಕ್ಕೆ ಒರಗಿ ಅವರನ್ನು ನೋಡುತ್ತಿದ್ದರು. ಜನ ಕರಗಿದ ಮೇಲೆ ಎದ್ದು ಹೋಗಿ ಅವರೆದುರಿಗೆ ಕೂತರು.

"ಸಾಬ್ರೇ, ನೀವು ಸುಮ್ನೆ ಕೂತ್ರೆ ಇನ್ನೂ ಹೆದ್ರಿಕೆ ಆಯ್ತದೆ. ಏನಾದ್ರೂ ಮಾತಾಡಿ."

"ಏನ್ ಮಾತಾಡ್ಲಿ ಅಣ್ಣಾ?"

"ಏನಾದ್ರೂ."

ಸಾಬರು ಸ್ವಲ್ಪ ಯೋಚಿಸಿ ಹುಣಸೆಯ ವಿಷಯ ತೆಗೆದರು. ಈ ಸಲ ಹೂವು ಚೆನ್ನಾಗಿ ನಿಂತಿದೆ, ಪಾವಗಡದ ಕಡೆ ಮಾತ್ರ ಉದುರಿದೆ, ನಿಮ್ಮ ಬೇಲಿಯ ಮರದ ಹಣ್ಣು ಹುಳಿ ಜಾಸ್ತಿ, ಹೀಗೆ ಮೆತ್ತಗಿನ ಧ್ವನಿಯಲ್ಲಿ ಹೇಳುತ್ತಲೇ ಹೋದರು. ಇವರು ಕಣ್ಣು ಮುಚ್ಚಿಕೊಂಡು ಕೇಳಿದರು. ಹೆದರಿಕೆ ಪೂರ್ತಿ ಹೋಗಲಿಲ್ಲ, ಆದರೆ ಸಣ್ಣದಾಯಿತು. ಏಳುವ ಮೊದಲು ಇವರು ಸಾಬರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಪಾತ್ರೆ ತೊಳೆಯುವಾಗ ಅತ್ತೆಗೆ ನನ್ನ ಸುಳ್ಳನ್ನು ಹೇಳಿಬಿಟ್ಟೆ. ಅವರು ಕೈಯಲ್ಲಿದ್ದ ಬೋಗುಣಿಯಿಂದ ಕಣ್ಣೆತ್ತಲಿಲ್ಲ.

"ಗೊತ್ತಿತ್ತು ಕಣಮ್ಮ. ಅದ್ರ ಹಿಂದಿನ ವಾರ ನಂಗೇನು ನಿಜವಾಗ್ಲೂ ಜ್ವರ ಬಂದಿತ್ತಾ?"

ನಾನು ಅವರ ಮುಖವನ್ನೇ ನೋಡಿದೆ. ನನಗೆ ನಗು ಬರಲಿಲ್ಲ, ಅವರಿಗೂ ಬರಲಿಲ್ಲ. ಇಬ್ಬರೂ ಹಿತ್ತಿಲ ಕತ್ತಲೆಗೆ ಬೆನ್ನು ಕೊಡದೆ ಪಾತ್ರೆ ಮುಗಿಸಿ ಒಳಗೆ ಬಂದೆವು.

ಅಂದು ಬಂದಿದ್ದ ಕೊರಟಗೆರೆಯ ನೆಂಟರೊಬ್ಬರು, ಅಂಥ ಭಕ್ತಿಯ ನಮಸ್ಕಾರವನ್ನು ತಾವು ಎಲ್ಲೂ ನೋಡಿಲ್ಲವೆಂದು ಇವತ್ತಿಗೂ ಹೋದ ಕಡೆಯೆಲ್ಲ ಹೇಳುತ್ತಾರೆ. ನಾವು ತಿದ್ದಿಲ್ಲ. ನೆಲಕ್ಕೆ ಬಿದ್ದಾಗ ಏನನ್ನಿಸಿತು ಎಂದು ಒಮ್ಮೆ ಗಂಡನನ್ನು ಕೇಳಿದೆ.

"ಮತ್ತೆ ಹೊಲದಾಗೇ ಇದ್ದೀನಿ ಅನ್ನಿಸ್ತು. ಎಲ್ರೂ ಗೋವಿಂದ ಅಂದ್ರಲ್ಲ, ಆಗ ಮನೇಲಿದ್ದೀನಿ ಅಂತ ಗೊತ್ತಾಯ್ತು," ಎಂದರು.

ಈಗ ಅವರು ಬಿಸಿಲು ಏರಿದ ಮೇಲೆ ಹೊಲಕ್ಕೆ ಹೋಗುತ್ತಾರೆ. ನಾನು ಜೊತೆಗೆ ಹೋಗಿ ಬದುವಿನ ಮೇಲೆ, ಬಂಡೆಯ ಕಡೆ ಮುಖ ಮಾಡಿ ಕೂರುತ್ತೇನೆ.