ಗವಿಕೊಳದ ಸೀಗಡಿಗಳು ಮತ್ತು ನಮ್ಮತ್ತೆ

ನಮ್ಮತ್ತೆಯ ಜೊತೆ ಬಾಳುವುದೆಂದರೆ ಹುಡುಗಾಟವಲ್ಲ. ಜನ ನೋಡಲು ಬರುವ ಗವಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕಸ ಗುಡಿಸುತ್ತಿದ್ದಾರೆ. ಗವಿಯ ಒಳಗೊಂದು ಕೊಳ, ಅದಕ್ಕೊಂದು ಜಾಲರಿ ಬಾಗಿಲು, ಬೀಗದ ಕೈ ಅತ್ತೆಯ ಸೊಂಟದಲ್ಲಿ. ಕೊಳದಲ್ಲಿರುವುದು ಕಣ್ಣಿಲ್ಲದ, ಬಣ್ಣವಿಲ್ಲದ ಸೀಗಡಿಗಳು. ಅಕ್ಕಿಕಾಳಿಗಿಂತ ಚೂರು ದೊಡ್ಡವು. ಬೇರೆಲ್ಲೂ ಇಲ್ಲವಂತೆ. ಇಲ್ಲದಿದ್ದರೆ ನನಗೇನು? ಆದರೆ ಸಂಜೆಯಾದರೆ ಮನೆಯಲ್ಲಿ ಅದೇ ಪುರಾಣ. “ಇವತ್ತು ಒಂದು ಸೀಗಡಿ ಹೊಟ್ಟೆ ತುಂಬ ಮೊಟ್ಟೆ ಹೊತ್ಕೊಂಡಿತ್ತು ಕಣೇ” ಎನ್ನುತ್ತಾರೆ. ನಾನು ಬಸುರಿಯಾಗಿ ವಾಂತಿ ಮಾಡಿಕೊಳ್ಳುತ್ತಿದ್ದದ್ದು ಇದೇ ಅತ್ತೆಗೆ ಗೊತ್ತಾಗಿದ್ದು ನಾಲ್ಕನೇ ದಿನ.

ಹೋದ ತಿಂಗಳು ಹೊಸ ಸೂಪರ್‌ವೈಸರ್ ‘ಅಪರೂಪದ ಜೀವಿ, ಕಾಪಾಡಿ’ ಎಂದು ಬೋರ್ಡು ಮಾಡಿಸಿದ. ಉದ್ಘಾಟನೆಗೆ ದೊಡ್ಡ ಸಾಹೇಬರು ಬರುತ್ತಾರೆ, ಒಳಗೆಲ್ಲ ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ ಎಂದ.

“ಬಾವಲಿ ಹಿಕ್ಕೆನೇ ಅವುಗಳ ಊಟ ಸಾರ್. ಪುಡಿ ನೀರಿಗಿಳಿದ್ರೆ ಒಂದೂ ಉಳಿಯಲ್ಲ.”

“ಸಾಹೇಬ್ರು ಮೂಗು ಮುಚ್ಕೊಂಡು ರಿಬ್ಬನ್ ಕತ್ತರಿಸ್ಬೇಕಾ?”

ಅತ್ತೆ ಬೀಗದ ಕೈಯನ್ನು ಮನೆಗೆ ತಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು. ಕೆಲಸ ಹೋಗುತ್ತದೆ ಎಂದು ಅವರ ಮಗ ಹೇಳಿದರು, ನಾನೂ ಹೇಳಿದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ಮೂರು ದಿನ ಫೋನು ಬಡಿದುಕೊಂಡೇ ಇತ್ತು. ನಾಲ್ಕನೇ ದಿನ, ಆ ಸಾಹೇಬರನ್ನೇ ಕಂಡು ಬರುತ್ತೇನೆಂದು ಅತ್ತೆ ಬಸ್ಸು ಹತ್ತಿದರು.

ಅವರು ಅತ್ತ ಹೋಗುತ್ತಲೇ ಸೂಪರ್‌ವೈಸರ್ ಇತ್ತ ನಮ್ಮ ಬಾಗಿಲಿಗೆ ಬಂದ. ಒಲೆಯ ಮೇಲೆ ಹಾಲು, ಕಂಕುಳಲ್ಲಿ ಅಳುವ ಮಗು. ನನಗೆ ತಲೆ ಚಿಟ್ಟು ಹಿಡಿದಿತ್ತು. ಡಬ್ಬಿಗೆ ಕೈ ಹಾಕಿ ತೆಗೆದುಕೊಟ್ಟೆ. “ತಗೊಂಡ್ ಹೋಗಿ, ನಮ್ ಪ್ರಾಣ ತಿನ್ಬೇಡಿ” ಎಂದೆ.

ಸಂಜೆ ಅತ್ತೆ ನಗುನಗುತ್ತ ಬಂದರು. ತೊಳೆಯಬಾರದೆಂದು ಸಾಹೇಬರು ಬರೆದೇ ಕೊಟ್ಟಿದ್ದರು. ನಾನು ಮಾಡಿದ್ದನ್ನು ಹೇಳಿದೆ. ಕಾಗದ ಕೈಯಲ್ಲಿ ಹಿಡಿದುಕೊಂಡೇ ಗವಿಗೆ ಓಡಿದರು. ಅಷ್ಟು ಹೊತ್ತಿಗೆ ಒಳಗೆ ನೆಲ ಫಳಫಳ ಹೊಳೆಯುತ್ತಿತ್ತಂತೆ, ಕೊಳದ ನೀರಿಗೂ ಬ್ಲೀಚಿಂಗ್ ವಾಸನೆ ಹಿಡಿದಿತ್ತಂತೆ.

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಈ ಹೆಂಗಸು ಸುಮ್ಮನಿದ್ದೂ ಜೀವ ಹಿಂಡುತ್ತಾರಲ್ಲ! ಹನ್ನೊಂದು ದಿನದಿಂದ ಗುಡಿಸುವ ಕೆಲಸ ಮುಗಿಸಿ ಟಾರ್ಚ್ ಹಿಡಿದು ಕೊಳದ ಅಂಚಿನಲ್ಲಿ ಕೂರುತ್ತಿದ್ದಾರೆ. ನಿನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ: “ಒಂದಾದ್ರೂ ಕಂಡಿತಾ ಅತ್ತೆ?”

“ನಂಗೀಗ ಕಣ್ಣು ಮಂಜು ಕಣೇ. ಇದ್ರೂ ಕಾಣ್ತಿಲ್ವೇನೋ. ನಾಳೆ ನೀನೇ ಬಂದು ನೋಡು.”

ಇವತ್ತು ಹೋದೆ. ಟಾರ್ಚ್ ಹಿಡಿದು, ಮಂಡಿಯೂರಿ, ಒಂದು ಗಂಟೆ ನೋಡಿದೆ. ತಳದ ಕಲ್ಲುಗಳು ಒಂದೊಂದಾಗಿ ಕಾಣುವಷ್ಟು ತಿಳಿನೀರು, ಅದರಲ್ಲಿ ಏನೇನೂ ಇಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅತ್ತೆ ಪಕ್ಕದಲ್ಲೇ ಕೂತಿದ್ದರು.

“ಅಗೋ, ಆ ಕಲ್ಲಿನ ಹಿಂದೆ ಒಂದು ಸರಿದ ಹಾಗಾಯ್ತು” ಎಂದೆ.

ಅತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು ಆರಿಸಿದರು.