ಹೊಗೆಯಿಲ್ಲದ ಶೇಗಡಿ

ಶೇಗಡಿ ಹೊತ್ತಿಸುವುದು ಗಂಡಸರ ಕೆಲಸವಲ್ಲ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ. ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಮಗಳ ಬಾಣಂತನದ ಆ ದಿನಗಳಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಇಡೀ ಬಿಲ್ಡಿಂಗಿನವರಿಂದ ಬೈಸಿಕೊಳ್ಳುವುದಾದರೂ ತಪ್ಪುತ್ತಿತ್ತು.

ಮಗಳನ್ನು ಕೊಟ್ಟಿರುವುದು ನೆರೂಳಿಗೆ. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಕಲ್ಯಾಣದ ಪಕ್ಕದ ಶಹಾಡಿನ ನಮ್ಮ ಮನೆಗೆ ಕರೆತಂದೆವು. ಹೆಣ್ಣುಕೂಸು ಹುಟ್ಟಿತು. ಅದರ ಮುಖ ನಾನಿನ್ನೂ ಸರಿಯಾಗಿ ನೋಡಿರಲಿಲ್ಲ, ಆಸ್ಪತ್ರೆಯಲ್ಲೇ ನನ್ನ ಹೆಂಡತಿ ನನ್ನ ಕಡೆ ತಿರುಗಿ, "ಅಟ್ಟದ ಮ್ಯಾಲಿನ ಶೇಗಡಿ ಇಳಿಸ್ರಿ" ಅಂದಳು.

ನಮ್ಮ ವಿಜಯಪುರದ ಕಡೆ ಬಾಣಂತಿಗೆ ನೀರು ಎರೆದ ಮೇಲೆ ಶೇಗಡಿಯ ಇದ್ದಿಲ ಕೆಂಡದಲ್ಲಿ ಬಟ್ಟೆ ಬಿಸಿ ಮಾಡಿ ಬೆನ್ನಿಗೆ, ಸೊಂಟಕ್ಕೆ ಶಾಖ ಕೊಡುತ್ತಾರೆ. ಕೊಡುವವಳು ಹಡೆದವ್ವನೇ ಆಗಿರಬೇಕು. ನಾವು ಕಲ್ಯಾಣದ ಚಾಳಿನಲ್ಲಿದ್ದಾಗ ನನ್ನ ಅತ್ತೆ ಊರಿಂದ ಬಂದು ಇದೇ ಕಬ್ಬಿಣದ ಶೇಗಡಿಯಲ್ಲಿ ತನ್ನ ಮಗಳ ಬೆನ್ನು ಕಾಸಿದ್ದಳು. ಈಗ ತನ್ನ ಸರದಿ ಎಂದು ನನ್ನವಳು ಮಗಳ ಮದುವೆಯಾದಾಗಿನಿಂದ ಕಾದು ಕೂತಿದ್ದಳು.

ಆದರೆ ಅವಳಿಗೆ ದಮ್ಮು. ಕೆಳಗಿನ ಮನೆಯಲ್ಲಿ ಊದಿನಕಡ್ಡಿ ಹಚ್ಚಿದರೆ ಮೇಲೆ ಇವಳು ಉಸಿರಿಗೆ ಎಳೆದುಕೊಳ್ಳುವ ಪಂಪ್ ಹುಡುಕುತ್ತಾಳೆ. ಅದರ ಮೇಲೆ ಡಾಕ್ಟರು ಬೇರೆ, ಕೋಣೆಯೊಳಗೆ ಕೆಂಡ ಕೂಡದು, ಕೂಸಿನ ಹತ್ತಿರ ಹೊಗೆ ಸುಳಿಯಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಅಳಿಯ ಪಾಪ ಒಳ್ಳೆಯವನು, ಕರೆಂಟಿನ ಹೀಟಿಂಗ್ ಪ್ಯಾಡ್ ತಂದುಕೊಟ್ಟ. ಇವಳು ಅದನ್ನು ತಿರುವಿ ಮುರುವಿ ನೋಡಿ, "ಚಲೋ ಐತ್ರಿ. ನಿಮ್ಮ ಮಾವನವರ ಮೊಣಕಾಲಿಗೆ ಆಕೈತಿ" ಅಂದಳು.

"ಹಂಗಾರ ಶಾಖ ನಾನೇ ಕೊಡ್ಲೇನು?" ಎಂದೆ.

"ಬುದ್ಧಿ ಐತೇನ್ರಿ? ಅಪ್ಪನ ಮುಂದ ಬೆನ್ನು ಬಿಟ್ಟು ಕೂಡ್ತಾಳೇನು ಅಕಿ? ನೀವು ಗ್ಯಾಲರಿಯಾಗ ಬೆಂಕಿ ಅಷ್ಟು ಮಾಡಿಕೊಡ್ರಿ. ಹೊಗಿ ಇರಬಾರದು ನೋಡ್ರಿ."

ಮಹಾಪೆಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಆಯುಷ್ಯ ತೇಯ್ದವನು ನಾನು. ಒಂದು ಶೇಗಡಿ ನನಗೆ ಯಾವ ಲೆಕ್ಕ! ರೇಷನ್ನಿನ ಸೀಮೆಎಣ್ಣೆ ಎಂದೋ ನಿಂತುಹೋಗಿತ್ತು, ಹಾಗಾಗಿ ಮೊದಲ ದಿನ ಹಳೆ ಬನಿಯನ್ ಹರಿದು, ಕರಿದು ಉಳಿದ ಎಣ್ಣೆಯಲ್ಲಿ ಅದ್ದಿ, ಇದ್ದಿಲಿನ ಅಡಿಗಿಟ್ಟು ಕಡ್ಡಿ ಗೀರಿದೆ. ಕಪ್ಪು ಹೊಗೆ ಸುರುಳಿಯಾಗಿ ಎದ್ದಿತು. ಮೇಲಿನ ಮನೆಯ ಮರಾಠಿ ಹೆಂಗಸು ಕೆಳಗೆ ಬಗ್ಗಿ, "ಓ ಕಾಕಾ, ಭಜಿ ತಳತಾಯ್ ಕಾ ಬಿಲ್ಡಿಂಗ್ ಜಾಳತಾಯ್?" ಎಂದು ಕೂಗಿದಳು. ಭಜಿ ಕರಿಯುತ್ತಿದ್ದೀರೋ ಬಿಲ್ಡಿಂಗ್ ಸುಡುತ್ತಿದ್ದೀರೋ ಅಂತ. ನಾನೂ ಏನೋ ಹೇಳಲು ಹೊರಟಿದ್ದೆ, ಅಷ್ಟರಲ್ಲಿ ಒಳಗಿಂದ ನನ್ನವಳ ಕೆಮ್ಮು ಕೇಳಿಸಿತು. ಗಾಜಿನ ಬಾಗಿಲು ಹಾಕಿದ್ದರೂ ಸಂದಿಯಿಂದ ಹೊಗೆ ನುಗ್ಗಿತ್ತು. ಒಂದು ಬಕೆಟ್ ನೀರು ತಂದು ಶೇಗಡಿಯ ಮೇಲೆ ಸುರಿದುಬಿಟ್ಟೆ.

ಆಮೇಲೆ ಕರ್ಪೂರ ಇಟ್ಟೆ. ಅದು ಭಗ್ಗನೆ ಉರಿದು ಮುಗಿಯಿತು, ಇದ್ದಿಲು ಜಪ್ಪಯ್ಯ ಅನ್ನಲಿಲ್ಲ. ಕಿತ್ತಳೆ ಸಿಪ್ಪೆ ಒಣಗಿಸಿ ಹಾಕಿದೆ, ವಾಸನೆ ಘಮಘಮ, ಹೊಗೆಯೂ ಧಾರಾಳ. ತೆಂಗಿನ ನಾರು ಹಾಕಿ ಟೇಬಲ್ ಫ್ಯಾನ್ ಹಿಡಿದೆ. ಬೂದಿಯೆಲ್ಲ ಹಾರಿ ಪಕ್ಕದ ಮನೆಯ ಒದ್ದೆ ಬಟ್ಟೆಗಳ ಮೇಲೆ ಕೂತಿತು, ಅವರಿಂದಲೂ ಮಂಗಳಾರತಿ ಆಯಿತು. ಕೊನೆಗೆ ಮೊಬೈಲಿನಲ್ಲಿ ಯಾರೋ ತೋರಿಸಿದರೆಂದು ಮೊಟ್ಟೆಯ ರಟ್ಟಿನ ಟ್ರೇ ತಂದು, ಗುಳಿಗಳಲ್ಲಿ ಮರದ ಹೊಟ್ಟು ತುಂಬಿ, ಮೇಣ ಕರಗಿಸಿ ಸುರಿದೆ. ಅದು ನಿಜಕ್ಕೂ ಚೆನ್ನಾಗಿ ಹೊತ್ತುತ್ತಿತ್ತೋ ಏನೋ. ಆದರೆ ಈರುಳ್ಳಿ ಹೆಚ್ಚುವ ಮೊದಲು ದೇವರಿಗೆ ನೈವೇದ್ಯ ತೆಗೆದಿಡುವವಳ ಮನೆ ಇದು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

"ಶಿವನ! ಬಾಣಂತಿ ಮನಿಯಾಗ ತತ್ತಿ ಟ್ರೇ!"

"ಖಾಲಿ ಐತಲ್ಲ ತಾಯಿ!"

"ಖಾಲಿ ಆದ್ರೇನು? ಮೊದ್ಲ ಹೊರಗ ಒಗೀರಿ ಅದನ್ನ!"

ಒಗೆದೆ. ನನಗೂ ಸಿಟ್ಟು ಬಂದಿತ್ತು. ಇನ್ನು ಈ ಶೇಗಡಿಯ ಸಹವಾಸ ಸಾಕು ಎಂದು ಒಳಗೆ ಬಂದೆ. ಬಾಗಿಲಿನ ಹಿಂದೆ ಅವಳು ಎಂದಿನಂತೆ ಕೂತಿದ್ದಳು, ಅವರವ್ವನ ಹಳೆ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು. ದಿನಾಲೂ ಹಾಗೇ ಕೂಡುತ್ತಿದ್ದಳು, ಹೊಗೆ ಹೋದರೆ ತಾನು ಹೊರಗೆ ಹೋಗಬಹುದು ಎಂದು. ಮಲಗಿದ್ದ ಮಗಳು, "ಮಮ್ಮಿ, ರೆಹ್ನೆ ದೋ ನಾ. ಪ್ಯಾಡ್ ಹೈ ನಾ" ಅಂದಳು. ಬಿಟ್ಟುಬಿಡು, ಪ್ಯಾಡ್ ಇದೆಯಲ್ಲ ಅಂತ. ಅವ್ವನಿಗೆ ತೊಂದರೆ ಯಾಕೆ ಎಂದೇ ಅವಳು ಅಂದದ್ದು. ಇವಳು ಬಟ್ಟೆಯನ್ನು ಕಪಾಟಿನಲ್ಲಿಟ್ಟು ಅಡುಗೆಮನೆಗೆ ಹೋದಳು. ನಾನು ಮತ್ತೆ ಗ್ಯಾಲರಿಗೆ ಹೋಗಿ ಶೇಗಡಿಯ ಬೂದಿ ಬಳಿದೆ.

ಮರುದಿನ ಬೆಳಿಗ್ಗೆ ನನ್ನ ಫಿಟ್ಟರ್ ಬುದ್ಧಿ ಎಚ್ಚರವಾಯಿತು. ಅಲ್ಲಯ್ಯಾ, ಹೊಗೆ ಬರದಂತೆ ಮಾಡಲು ಇಷ್ಟು ಒದ್ದಾಡಿದೆ, ಅದಕ್ಕೆ ಮೇಲೆ ಹೋಗುವ ದಾರಿ ಯಾಕೆ ಮಾಡಲಿಲ್ಲ? ಎಣ್ಣೆಯ ತಗಡಿನ ಡಬ್ಬಿಯ ಮೇಲು ಕೆಳಗು ಎರಡೂ ಬದಿ ಕತ್ತರಿಸಿದೆ. ಕೆಳಗೆ ಸುತ್ತಲೂ ತೂತು ಕೊರೆದು, ನಡುವೆ ಜಾಳಿಗೆ ಕೂರಿಸಿದೆ. ಜಾಳಿಗೆಯ ಮೇಲೆ ಇದ್ದಿಲು, ಅಡಿಯಲ್ಲಿ ಉರಿ, ಇಡೀ ಡಬ್ಬಿ ಶೇಗಡಿಯ ಮೇಲೆ ಚಿಮಣಿಯಂತೆ ನಿಲ್ಲಬೇಕು. ಇನ್ನು ಬೇಕಾದದ್ದು ಅಡಿಯಲ್ಲಿ ಸಣ್ಣಗೆ, ಬಹಳ ಹೊತ್ತು ಉರಿಯುವಂಥ ಏನಾದರೂ. ಅದೊಂದು ಸಿಗುತ್ತಿಲ್ಲ ಎಂದು ನನ್ನಷ್ಟಕ್ಕೆ ಗೊಣಗುತ್ತಿದ್ದೆ.

ಅವಳು ದೇವರ ಗೂಡಿನ ಕೆಳಗಿನಿಂದ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಮುಂದಿಟ್ಟಳು. ಅದರ ತುಂಬ ಎಣ್ಣೆ ಕುಡಿದ, ಅರ್ಧ ಸುಟ್ಟ ಹತ್ತಿ ಬತ್ತಿಗಳು. ದೇವರ ಮುಂದೆ ಉರಿದ ಬತ್ತಿಯನ್ನು ಕಸಕ್ಕೆ ಹಾಕುವಂತಿಲ್ಲ. ಇಲ್ಲಿನವರು ಹೂವು, ಬತ್ತಿ ಎಲ್ಲ ಕಟ್ಟಿಟ್ಟುಕೊಂಡು ಟ್ರೇನು ಖಾಡಿ, ಅಂದರೆ ಸಮುದ್ರದ ಹಿನ್ನೀರು, ದಾಟುವಾಗ ಕೈಮುಗಿದು ನೀರಿಗೆ ಬಿಡುತ್ತಾರೆ. ಇವಳು ಯಾಕೆ ಕೂಡಿಡುತ್ತಾಳೆ ಎಂದು ನಾನು ಎಷ್ಟೋ ಸಲ ಚೇಷ್ಟೆ ಮಾಡಿದ್ದುಂಟು. ಆ ದಿನ ಹೇಳಿದಳು. ಮಗಳ ಮಡಿಲು ತುಂಬಲಿ ಎಂದು ಬೇಡಿಕೊಂಡು ದಿನಾ ಹಚ್ಚಿದ ಬತ್ತಿಗಳಂತೆ ಅವು. ಕೂಸು ಹುಟ್ಟಿದ ಮೇಲೆ ಎಲ್ಲ ಒಟ್ಟಿಗೆ ಖಾಡಿಗೆ ಬಿಡುವುದಾಗಿ ಹರಕೆ.

ನನಗೆ ನಿಜಕ್ಕೂ ಹೆದರಿಕೆಯಾಯಿತು. "ದೇವರ ಬತ್ತಿ ಶೇಗಡಿಗೆ ಹಾಕೂದೇನ?"

"ಯಾರ ಸಲುವಾಗಿ ಹಚ್ಚಿದ್ನಿರಿ ನಾ? ಅಕಿ ಬೆನ್ನಿಗೇ ಹೋಗ್ಲಿ. ಖಾಡಿಯಾಗಿನ ಮೀನಕ್ಕ ಯಾಕ ಬೇಕು ಶಾಖ?"

ಒಂದು ಹಿಡಿ ಬತ್ತಿ ಅಡಿಗಿಟ್ಟು ಹಚ್ಚಿದೆ. ಗಾಳಿ ತೂತುಗಳಿಂದ ಒಳಗೆ ನುಗ್ಗಿತು. ಡಬ್ಬಿ ಗುರ್ ಎಂದಿತು. ಒಂದಿಷ್ಟು ಹೊಗೆ ನೆಟ್ಟಗೆ ಮೇಲೆ ಹೋಗಿ ಆಕಾಶ ಸೇರಿತು, ಮೇಲಿನ ಮನೆಯವಳೂ ಬಗ್ಗಿ ನೋಡಲಿಲ್ಲ. ಇದ್ದಿಲು ಕೆಂಪಾಗಿ, ಮೇಲೆ ಬಿಳಿ ಬೂದಿ ಕಟ್ಟಿದ ಮೇಲೆ ಇಕ್ಕಳದಿಂದ ಡಬ್ಬಿ ಎತ್ತಿ, ಕೆಂಡವನ್ನು ಶೇಗಡಿಗೆ ಸುರಿದೆ. ಹೊಗೆಯ ಸುಳಿವಿಲ್ಲ.

ಅವಳು ಬಾಗಿಲು ಒಂಚೂರು ಸರಿಸಿ ಮೂಗು ಹೊರಗಿಟ್ಟಳು. ಮುಷ್ಟಿಯಲ್ಲಿ ಪಂಪ್ ಬಿಗಿಯಾಗಿತ್ತು. ಇನ್ನೊಮ್ಮೆ ಉಸಿರೆಳೆದಳು. ಆಮೇಲೆ ಪಂಪನ್ನು ನನ್ನ ಕೈಗೆ ಕೊಟ್ಟು, ಕಪಾಟಿನಿಂದ ಆ ಸೀರೆಯ ತುಂಡು ತೆಗೆದುಕೊಂಡು ಹೊರಗೆ ಬಂದು, ಗ್ಯಾಲರಿಗೆ ಒಂದು ಚಾದರ ಅಡ್ಡ ಕಟ್ಟಿ, ಶೇಗಡಿಯ ಮುಂದೆ ಕೂತು, "ಬಾ ಇಲ್ಲಿ" ಎಂದು ಮಗಳನ್ನು ಕರೆದಳು. ನನಗೆ, "ನೀವು ಒಳಗ ನಡೀರಿ, ಕೂಸಿನ ನೋಡ್ಕೊಳ್ರಿ" ಎಂದಳು.

ಒಳಗೆ ಹೋದೆ. ಕೂಸನ್ನೆತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತೆ. ಬೆನ್ನ ಹಿಂದೆ ಗ್ಯಾಲರಿಯಿಂದ ಮಗಳು ಹಾಯಾಗಿ ಉಸಿರು ಬಿಟ್ಟದ್ದು ಕೇಳಿಸಿತು.

"ಮಮ್ಮಿ, ಔರ್ ಥೋಡಾ." ಇನ್ನೊಂಚೂರು ಅಂತ.

"ಸುಮ್ನ ಕೂಡು," ಅಂದಳು ನನ್ನವಳು. "ಇನ್ನೂ ಡಬ್ಬಿ ತುಂಬ ಬತ್ತಿ ಅದಾವ."